ನಡುಗುವ ಕುರ್ಚಿಯಿಂದ ಫುಟ್‌ಬಾಲ್ ಅಂಗಳದವರೆಗೆ

ತೂಕದ ಯಂತ್ರದಂಥದೊಂದು ಹಲಗೆ. ಅದರ ಮೇಲೆ ಒಬ್ಬ ಫುಟ್‌ಬಾಲ್ ಆಟಗಾರ ಅರ್ಧ ಬಸ್ಕಿ ಹೊಡೆದವನ ಹಾಗೆ ಮೊಣಕಾಲು ಬಗ್ಗಿಸಿ ನಿಂತಿದ್ದಾನೆ. ಗುಂಡಿ ಒತ್ತಿದ್ದೇ ತಡ, ಹಲಗೆ ಸೆಕೆಂಡಿಗೆ ೩೦ ಸಲ ಅದುರಲು ಶುರು. ತೊಡೆ, ಮೀನಖಂಡ, ಕೆನ್ನೆ ಎಲ್ಲ ಗಡಗಡ. ಒಂದು ನಿಮಿಷ ಹಾಗೆ ನಿಂತು ಇಳಿದರೆ ಮೊದಲಿಗಿಂತ ಎತ್ತರಕ್ಕೆ ನೆಗೆಯುತ್ತಾನಂತೆ, ಚೆಂಡಿನ ಹಿಂದೆ ಇನ್ನೂ ಜೋರಾಗಿ ಓಡುತ್ತಾನಂತೆ, ಗಾಯವಾಗುವುದೂ ಕಡಿಮೆಯಂತೆ!

ಈ "ಅಂತೆ"ಗಳಿಗೆ ಏನಿಲ್ಲವೆಂದರೂ ನೂರಮೂವತ್ತು ವರ್ಷಗಳ ಇತಿಹಾಸವಿದೆ. ಅದರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆ ಇದೆ, ಕಾರ್ನ್‌ಫ್ಲೇಕ್ಸ್ ಮನೆತನದ ವೈದ್ಯನಿದ್ದಾನೆ, ಕಲ್ಲು ಕೆತ್ತುವ ಕೂಲಿಗಳಿದ್ದಾರೆ, ಸೋವಿಯತ್ ವಿಜ್ಞಾನಿಯಿದ್ದಾನೆ, ಗಗನಯಾತ್ರಿಗಳ ಹೆಸರಲ್ಲಿ ಹಬ್ಬಿಸಿದ ಒಂದು ಕಥೆಯೂ ಇದೆ. ಕೆಂಪು ಬಸ್ಸಿನ ಕೊನೇ ಸೀಟಿನಲ್ಲಿ ಕೂತು ಊರಿಗೆ ಹೋಗಿ ಬಂದ ನಮಗೆಲ್ಲ ಕಂಪನ ಚಿಕಿತ್ಸೆ ಪುಕ್ಕಟೆಯಾಗಿಯೇ ಸಿಕ್ಕಿದೆ ಅಂತ ನೀವು ನಗಬಹುದು :) ತಮಾಷೆಯೆಂದರೆ, ಈ ಕಥೆ ನಿಜಕ್ಕೂ ಶುರುವಾಗುವುದು ಅಂಥದೇ ಒಂದು ಪ್ರಯಾಣದಿಂದ.

*

ಜ್ಯಾಂ ಮಾರ್ತ್ಯಾಂ ಶಾರ್ಕೊ. ಹತ್ತೊಂಬತ್ತನೇ ಶತಮಾನದ ನರರೋಗ ಶಾಸ್ತ್ರದಲ್ಲಿ ಬಹು ದೊಡ್ಡ ಹೆಸರು. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಅವನ ಪಾಠ ಕೇಳಲು ಯುರೋಪಿನ ಮೂಲೆಮೂಲೆಯಿಂದ ಜನ ಬರುತ್ತಿದ್ದರು. ತರುಣ ಸಿಗ್ಮಂಡ್ ಫ್ರಾಯ್ಡ್ ಕೂಡ ಅವರಲ್ಲೊಬ್ಬ. ಪಾರ್ಕಿನ್ಸನ್ ಕಾಯಿಲೆಗೆ ಆ ಹೆಸರು ನಿಲ್ಲುವಂತೆ ಮಾಡಿದವನೂ ಇವನೇ.

ಪಾರ್ಕಿನ್ಸನ್ ಇದ್ದವರು ದೂರದ ರೈಲು ಪ್ರಯಾಣ ಅಥವಾ ಕುದುರೆ ಗಾಡಿಯ ಪ್ರಯಾಣ ಮುಗಿಸಿ ಬಂದಾಗ ಮೈ ಹಗುರವಾದಂತಿದೆ ಎನ್ನುತ್ತಿದ್ದುದು ಶಾರ್ಕೊನ ಕಿವಿಗೆ ಬಿತ್ತು. ಆರೋಗ್ಯವಂತರನ್ನು ಸುಸ್ತು ಮಾಡುವ ಕುಲುಕಾಟ ರೋಗಿಗಳಿಗೆ ಆರಾಮ ಕೊಡುತ್ತಿದೆ! ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೋ ಏನೋ. ಶಾರ್ಕೊ ಒಂದು ನಡುಗುವ ಕುರ್ಚಿಯನ್ನೇ ಮಾಡಿಸಿದ. ರೋಗಿಗಳನ್ನು ದಿನಕ್ಕೆ ಅರ್ಧ ಗಂಟೆ ಅದರ ಮೇಲೆ ಕೂರಿಸಿದ. ೧೮೯೨ರಲ್ಲಿ ಈ ಕುರಿತು ಉಪನ್ಯಾಸ ಕೊಟ್ಟು ಇದಕ್ಕೆ "ಕಂಪನ ವೈದ್ಯ" ಎಂದು ಹೆಸರಿಟ್ಟ. ಅವನ ಶಿಷ್ಯ ಗಿಲ್ ದ ಲಾ ಟೂರೆಟ್ (ಟೂರೆಟ್ ಸಿಂಡ್ರೋಮ್ ಕೇಳಿದ್ದೀರಲ್ಲ, ಅದೇ ಟೂರೆಟ್) ತಲೆಗೆ ಹಾಕುವ ನಡುಗುವ ಹೆಲ್ಮೆಟ್ಟನ್ನೂ ಮಾಡಿದ.

ಮರುವರ್ಷ, ೧೮೯೩ರಲ್ಲಿ, ಶಾರ್ಕೊ ತೀರಿಕೊಂಡ. ಕುರ್ಚಿಯಿಂದ ಆದ ಆರಾಮ ನಿಜವೋ, ಅಷ್ಟು ದೊಡ್ಡ ಡಾಕ್ಟರು ಖುದ್ದಾಗಿ ಕೂರಿಸಿದರಲ್ಲ ಎಂಬ ಸಮಾಧಾನದ ಫಲವೋ ಎಂಬ ಪ್ರಶ್ನೆ ಹಾಗೇ ಉಳಿಯಿತು. ಈ ಪ್ರಶ್ನೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶಾರ್ಕೊ ಒಂಟಿಯೇನೂ ಆಗಿರಲಿಲ್ಲ. ಸ್ವೀಡನ್ನಿನ ವೈದ್ಯ ಗುಸ್ತಾವ್ ಸಾಂಡರ್ ೧೮೬೫ರಲ್ಲೇ ಸ್ಟಾಕ್‌ಹೋಮಿನಲ್ಲಿ ಯಂತ್ರಗಳಿಂದ ವ್ಯಾಯಾಮ ಮಾಡಿಸುವ ಸಂಸ್ಥೆ ತೆರೆದಿದ್ದ. ಇವತ್ತಿನ ಜಿಮ್ಮಿನ ಮುತ್ತಜ್ಜ ಅನ್ನಬಹುದು. ಅಲ್ಲಿ ಮೈ ಕುಲುಕುವ, ತಟ್ಟುವ, ಅದುರಿಸುವ ಯಂತ್ರಗಳೂ ಇದ್ದವು. ಈ ಬಗೆಯ ಯಂತ್ರಗಳ ಖ್ಯಾತಿ ಎಷ್ಟಿತ್ತೆಂದರೆ, ೧೯೧೨ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮ ಶಾಲೆಯಲ್ಲಿ ಕರೆಂಟಿನಿಂದ ಓಲಾಡುವ ಒಂಟೆಯೊಂದಿತ್ತು! ಇಂಗ್ಲೆಂಡಿನಲ್ಲಿ ಮಾರ್ಟಿಮರ್ ಗ್ರಾನ್‌ವಿಲ್ ಎಂಬ ವೈದ್ಯ ಕೈಯಲ್ಲಿ ಹಿಡಿದು ನೋವಿರುವ ಜಾಗಕ್ಕೆ ಪಟಪಟ ಬಡಿಯುವ ವಿದ್ಯುತ್ ಯಂತ್ರ ಮಾಡಿ, ೧೮೮೩ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ. ಇವತ್ತು ಡ್ರೆಸ್ಸಿಂಗ್ ರೂಮುಗಳಲ್ಲಿ ಆಟಗಾರರು ತೊಡೆಗೆ ಒತ್ತಿಕೊಂಡು ಕೂರುವ ಮಸಾಜ್ ಗನ್ ನೋಡಿದರೆ ಗ್ರಾನ್‌ವಿಲ್‌ಗೆ ಗುರುತು ಸಿಗದೇ ಇರಲಾರದು. ಅಮೆರಿಕದಲ್ಲಿ ಬ್ಯಾಟಲ್ ಕ್ರೀಕ್ ಎಂಬ ಊರಿನ ಆರೋಗ್ಯಧಾಮದಲ್ಲಿ ಜಾನ್ ಹಾರ್ವಿ ಕೆಲಾಗ್, ಅದೇ ಕಾರ್ನ್‌ಫ್ಲೇಕ್ಸ್ ಕೆಲಾಗ್ ಸಹೋದರರಲ್ಲಿ ದೊಡ್ಡವನು, ತನ್ನ ರೋಗಿಗಳನ್ನು ನಡುಗುವ ಕುರ್ಚಿಗಳ ಮೇಲೆ ಕೂರಿಸುತ್ತಿದ್ದ.

*

ಇಷ್ಟಕ್ಕೆ ನಿಲ್ಲಿಸಿದರೆ ಇದು ಸಿರಿವಂತರ ಕುಲುಕಾಟದ ಕಥೆಯಾಗುತ್ತದೆ. ಇದೇ ಕಾಲದಲ್ಲಿ ಕಂಪನದ ಇನ್ನೊಂದು ಮುಖವೂ ಹೊರಬಿತ್ತು. ಅದನ್ನು ವ್ಯಾಯಾಮದ ಪುಸ್ತಕಗಳು ಹೇಳುವುದು ಕಡಿಮೆ.

ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್ ಸುತ್ತಮುತ್ತ ಸುಣ್ಣಕಲ್ಲಿನ ಗಣಿಗಳಿವೆ. ಅಲ್ಲಿ ಕಲ್ಲು ಕೆತ್ತುವವರ ಕೈಗೆ ಗಾಳಿಯ ಒತ್ತಡದಿಂದ ಬಡಿಯುವ ಸುತ್ತಿಗೆ ಬಂತು. ಕೆಲಸ ಬೇಗ ಆಗುತ್ತಿತ್ತು, ನಿಜ. ಆದರೆ ಚಳಿಗಾಲದ ಬೆಳಗಿನಲ್ಲಿ ಅವರ ಬೆರಳುಗಳು ಹೆಣದ ಬೆರಳಿನ ಹಾಗೆ ಬಿಳಿಚಿಕೊಳ್ಳುತ್ತಿದ್ದವು, ಮರಗಟ್ಟುತ್ತಿದ್ದವು. ೧೯೧೮ರಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಅಲ್ಲಿಗೆ ಹೋಗಿ ಈ ಕೆಲಸಗಾರರನ್ನು ಪರೀಕ್ಷಿಸಿ, ಬೆರಳು ಸಾಯುತ್ತಿರುವುದಕ್ಕೂ ಸುತ್ತಿಗೆಯ ಅದುರುವಿಕೆಗೂ ಇರುವ ನಂಟನ್ನು ವರದಿ ಮಾಡಿದರು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಅಧ್ಯಾಪಕಿಯಾದದ್ದೂ ಇವರೇ. ಮುಂದೆ ಟ್ರಾಕ್ಟರ್, ಲಾರಿ, ಬುಲ್‌ಡೋಜರ್ ಓಡಿಸುವವರ ಸೊಂಟ ನೋವು, ಬೆನ್ನುಮೂಳೆಯ ತೊಂದರೆಗಳೂ ಇದೇ ಪಟ್ಟಿಗೆ ಸೇರಿದವು. ೨೦೦೨ರಲ್ಲಿ ಐರೋಪ್ಯ ಒಕ್ಕೂಟ ಕಾನೂನು ಮಾಡಿ, ಕೆಲಸಗಾರನ ಇಡೀ ದೇಹಕ್ಕೆ ತಗಲುವ ಕಂಪನ ಎಂಟು ಗಂಟೆಯ ಲೆಕ್ಕದಲ್ಲಿ ಸೆಕೆಂಡ್ ವರ್ಗಕ್ಕೆ ೧.೧೫ ಮೀಟರ್ ವೇಗೋತ್ಕರ್ಷವನ್ನು ಮೀರಬಾರದೆಂದು ಮಿತಿ ಹಾಕಿತು.

ಅಂದರೆ ಯಾವುದನ್ನು ಕೂಲಿಯವನ ಮೈಗೆ ಕಾಯಿಲೆ ಎಂದು ಕಾನೂನು ತಡೆಯುತ್ತಿತ್ತೋ, ಅದೇ ವರ್ಷಗಳಲ್ಲಿ ಅದನ್ನೇ ಆಟಗಾರನ ಮೈಗೆ ತರಬೇತಿ ಎಂದು ಮಾರುತ್ತಿದ್ದರು. ಎರಡೂ ನಿಜವಿರಬಹುದೇ? ಇರಬಹುದು. ಉಪ್ಪಿನ ಹಾಗೆ, ಪ್ರಮಾಣದ ಮಾತು. ಆದರೆ ಪ್ರಮಾಣ ಎಷ್ಟು?

*

ವಿಜ್ಞಾನಕ್ಕೆ ಇಲ್ಲೊಂದು ಗಟ್ಟಿ ಹಿಡಿ ಸಿಕ್ಕಿದ್ದು ೧೯೬೦ರ ದಶಕದಲ್ಲಿ. ಸ್ವೀಡನ್ನಿನ ಹಾಗ್‌ಬಾರ್ಟ್ ಮತ್ತು ಎಕ್ಲುಂಡ್ ಸ್ನಾಯುವಿನ ಮೇಲೋ ಸ್ನಾಯುರಜ್ಜುವಿನ ಮೇಲೋ ಸಣ್ಣ ವೈಬ್ರೇಟರ್ ಇಟ್ಟರೆ ಆ ಸ್ನಾಯು ತಾನಾಗಿಯೇ ನಿಧಾನಕ್ಕೆ ಬಿಗಿಯುವುದನ್ನು ತೋರಿಸಿದರು. ೧೯೬೬ರಲ್ಲಿ ಇದರ ಬಗ್ಗೆ ಪ್ರಬಂಧ ಬಂತು. ಕಾರಣ ಹೀಗೆ: ಸ್ನಾಯುವಿನೊಳಗೆ ಅದು ಎಷ್ಟು ಎಳೆಯಲ್ಪಟ್ಟಿದೆ ಎಂದು ಅಳೆಯುವ ಪುಟ್ಟ ಸಂವೇದಕಗಳಿವೆ. ಪ್ರತಿ ಅದುರೂ ಅವುಗಳಿಗೆ ಒಂದು ಸಣ್ಣ ಎಳೆತ. ಅವು ಬೆನ್ನುಹುರಿಗೆ ಸುದ್ದಿ ಕಳಿಸುತ್ತವೆ, ಬೆನ್ನುಹುರಿ ಮಿದುಳನ್ನು ಕೇಳದೆಯೇ "ಬಿಗಿ" ಎಂದು ವಾಪಸ್ ಆಜ್ಞೆ ಕೊಡುತ್ತದೆ. ಡಾಕ್ಟರು ಮೊಣಕಾಲಿನ ಕೆಳಗೆ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದಾಗ ಕಾಲು ತಾನೇ ಎಗರುತ್ತದಲ್ಲ, ಹೆಚ್ಚುಕಡಿಮೆ ಅದೇ ದಾರಿ.

ಬೆನ್ನುಹುರಿಯ ಈ ಮಾತುಕತೆಯನ್ನು ಆಟಕ್ಕೆ ಬಳಸಿಕೊಂಡವರು ಸೋವಿಯತ್ ಒಕ್ಕೂಟದವರು. ವ್ಲಾದಿಮಿರ್ ನಜಾರೋವ್ ಎಂಬ ವಿಜ್ಞಾನಿ ೧೯೭೦-೮೦ರ ದಶಕಗಳಲ್ಲಿ ಕ್ರೀಡಾಪಟುಗಳ ಸ್ನಾಯುಗಳಿಗೆ ಯಂತ್ರದಿಂದ ಕಂಪನ ಕೊಟ್ಟು ಶಕ್ತಿ ಮತ್ತು ಬಾಗುವಿಕೆಯನ್ನು ಹೆಚ್ಚಿಸುವ ವಿಧಾನ ಬೆಳೆಸಿದ. ಅದಕ್ಕೆ "ಬಯೋಮೆಕ್ಯಾನಿಕಲ್ ಸ್ಟಿಮ್ಯುಲೇಶನ್" ಎಂದು ಹೆಸರು. ಸೋವಿಯತ್ ಒಕ್ಕೂಟದಿಂದ ಇಸ್ರೇಲಿಗೆ ವಲಸೆ ಹೋದ ವ್ಲಾದಿಮಿರ್ ಇಸ್ಸುರಿನ್ ಆ ವಿದ್ಯೆಯನ್ನು ಜೊತೆಗೊಯ್ದ. ೧೯೯೪ರಲ್ಲಿ ಅವನೂ ಜೊತೆಗಾರರೂ ಪ್ರಕಟಿಸಿದ ಪ್ರಯೋಗದಲ್ಲಿ ಅದುರುವ ಹಗ್ಗದಿಂದ ಭಾರ ಎಳೆದವರ ಗರಿಷ್ಠ ಬಲ ಮೂರು ವಾರದಲ್ಲಿ ಸರಾಸರಿ ೪೯.೮ ಶೇಕಡಾ ಏರಿತು, ಮಾಮೂಲಿ ತರಬೇತಿಯವರದು ೧೬ ಶೇಕಡಾ. ಮೂರು ವಾರಕ್ಕೆ ಶೇಕಡಾ ಐವತ್ತು! ಯಾವ ತರಬೇತುದಾರನ ಕಣ್ಣು ಅರಳುವುದಿಲ್ಲ ಹೇಳಿ.

ಇಲ್ಲಿಂದಲೇ ಗಗನಯಾತ್ರಿಗಳ ಕಥೆಯೂ ಹುಟ್ಟಿದ್ದು. ಕಂಪನ ಯಂತ್ರ ಮಾರುವವರ ಕರಪತ್ರಗಳಲ್ಲಿ ನೀವು ಓದಿರಬಹುದು: ಅಮೆರಿಕದವರು ಬಾಹ್ಯಾಕಾಶದಲ್ಲಿ ೧೨೦ ದಿನಕ್ಕೇ ಸೋತು ವಾಪಸ್ ಬಂದರು, ರಷ್ಯದವರು ಈ ಹಲಗೆಯಿಂದಾಗಿ ೪೨೦ ದಿನ ಇದ್ದರು ಅಂತ. ಕೇಳಲು ಚೆನ್ನಾಗಿದೆ. ಆದರೆ ಸೋವಿಯತ್ ಗಗನಯಾತ್ರಿಗಳ ದಿನಚರಿಯಲ್ಲಿ ಎದ್ದು ಕಾಣುವುದು ಟ್ರೆಡ್‌ಮಿಲ್ ಮೇಲಿನ ಓಟ, ರಬ್ಬರ್ ಪಟ್ಟಿಗಳ ಎಳೆತ, ಮೈಯನ್ನು ಸದಾ ಬಿಗಿಯುವ "ಪೆಂಗ್ವಿನ್" ಎಂಬ ಉಡುಪು. ಇನ್ನು ಅಮೆರಿಕದ ಶ್ಯಾನನ್ ಲೂಸಿಡ್ ೧೯೯೬ರಲ್ಲಿ ಮೀರ್ ನಿಲ್ದಾಣದಲ್ಲಿ ೧೮೮ ದಿನ ಕಳೆದು, ವಾಪಸ್ ಬಂದಾಗ ನಡೆದುಕೊಂಡೇ ಹೊರಟರು. ವೇಲೆರಿ ಪೊಲ್ಯಾಕೋವ್ ೧೯೯೪-೯೫ರಲ್ಲಿ ಅಲ್ಲೇ ೪೩೭ ದಿನ ಇದ್ದದ್ದು ನಿಜ, ಅದರ ಪುಣ್ಯವನ್ನು ಅದುರುವ ಹಲಗೆಗೆ ಬರೆದದ್ದು ಮಾತ್ರ ಮಾರಾಟಗಾರರು. ಬಾಹ್ಯಾಕಾಶಕ್ಕೂ ಕಂಪನಕ್ಕೂ ನಿಜವಾದ ನಂಟು ಬೇಕಿದ್ದರೆ ೨೦೦೩ರಿಂದ ೨೦೦೫ರವರೆಗೆ ಬರ್ಲಿನ್ನಿನಲ್ಲಿ ನಡೆದ ಪ್ರಯೋಗ ನೋಡಬೇಕು. ೨೦ ಜನ ತರುಣರನ್ನು ತಲಾ ಎಂಟು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅರ್ಧ ಜನಕ್ಕೆ ಮಲಗಿದಲ್ಲೇ ಭಾರದ ಜೊತೆ ಕಂಪನದ ವ್ಯಾಯಾಮ. ಅವರ ಸ್ನಾಯು, ಮೂಳೆ ಉಳಿದವರಿಗಿಂತ ಚೆನ್ನಾಗಿ ಉಳಿದುಕೊಂಡವು. ಆದರೆ ಗಮನಿಸಿ, ಭಾರವೂ ಇತ್ತು, ಕಂಪನವೂ ಇತ್ತು. ಯಾವುದರ ಪಾಲು ಎಷ್ಟು?

*

ಈ ಯಂತ್ರವನ್ನು ಪಶ್ಚಿಮ ಯುರೋಪಿನ ಕ್ರೀಡಾ ವಿಜ್ಞಾನದ ನಡುಮನೆಗೆ ತಂದವನು ಇಟಲಿಯ ಕಾರ್ಮೆಲೊ ಬಾಸ್ಕೊ. ಆಟಗಾರರ ನೆಗೆತ ಅಳೆಯುವ "ಬಾಸ್ಕೊ ಟೆಸ್ಟ್" ಇವನದೇ. ಫಿನ್‌ಲ್ಯಾಂಡಿನಲ್ಲಿ ಪಾವೊ ಕೋಮಿ ಎಂಬ ಹೆಸರಾಂತ ವಿಜ್ಞಾನಿಯ ಜೊತೆ ಪಳಗಿದವನು. ಅವನ ಒಂದು ಪ್ರಯೋಗ ಬಹಳ ಸರಳ, ಬಹಳ ಜಾಣತನದ್ದು. ೧೯೯೯ರಲ್ಲಿ ಪ್ರಕಟವಾಯಿತು. ರಾಷ್ಟ್ರಮಟ್ಟದ ಆರು ವಾಲಿಬಾಲ್ ಆಟಗಾರ್ತಿಯರು. ಪ್ರತಿಯೊಬ್ಬರ ಒಂದು ಕಾಲಿಗೆ ಕಂಪನ, ಇನ್ನೊಂದು ಕಾಲಿಗೆ ಇಲ್ಲ. ಆಮೇಲೆ ಭಾರ ತಳ್ಳಿಸಿದರೆ ಅದುರಿದ ಕಾಲಿನ ವೇಗ, ಬಲ, ಸಾಮರ್ಥ್ಯ ಮೂರೂ ಏರಿದ್ದವು. ಒಂದೇ ಮನುಷ್ಯ, ಒಂದೇ ಊಟ, ಒಂದೇ ನಿದ್ದೆ. ಇದಕ್ಕಿಂತ ಒಳ್ಳೆಯ ಹೋಲಿಕೆ ಬೇಕೆ?

ಬೇಕು. ಯಾಕೆಂದರೆ ಯಾವ ಕಾಲು ಅದುರಿತು ಅನ್ನುವುದು ಆಟಗಾರ್ತಿಗೆ ಗೊತ್ತಿರುತ್ತದಲ್ಲ! ಮಾತ್ರೆಯಾದರೆ ಸಕ್ಕರೆ ಗುಳಿಗೆ ಕೊಟ್ಟು ಯಾಮಾರಿಸಬಹುದು. ಅದುರುವುದನ್ನು ಹೇಗೆ ಯಾಮಾರಿಸುವುದು? ಶಾರ್ಕೊನ ಕುರ್ಚಿಯ ಪ್ರಶ್ನೆ ನೂರು ವರ್ಷ ದಾಟಿ ಮತ್ತೆ ಬಾಗಿಲು ಬಡಿಯಿತು.

ಬಾಸ್ಕೊ ೨೦೦೦ದಲ್ಲಿ ಇನ್ನೊಂದು ಪ್ರಬಂಧ ತಂದ. ೧೪ ಜನ ಗಂಡಸರನ್ನು ಹಲಗೆಯ ಮೇಲೆ ನಿಲ್ಲಿಸಿದ ಮೇಲೆ ಟೆಸ್ಟೊಸ್ಟೆರಾನ್ ಮತ್ತು ಬೆಳವಣಿಗೆಯ ಹಾರ್ಮೋನು ಏರಿದವು, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿಯಿತು ಅಂತ. ಜಾಹೀರಾತಿನವರಿಗೆ ಹಬ್ಬ. ೨೦೦೪ರಲ್ಲಿ ಇಟಲಿಯದೇ ಮತ್ತೊಂದು ತಂಡ ಆರೋಗ್ಯವಂತ ಗಂಡಸರ ಮೇಲೆ ಪರೀಕ್ಷೆ ಮಾಡಿದಾಗ ಟೆಸ್ಟೊಸ್ಟೆರಾನ್ ಆಗಲಿ ಬೆಳವಣಿಗೆಯ ಹಾರ್ಮೋನಾಗಲಿ ಏರಿದ್ದು ಕಾಣಲಿಲ್ಲ. ಆ ಸುದ್ದಿ ಯಾವ ಕರಪತ್ರಕ್ಕೂ ಬೇಕಾಗಲಿಲ್ಲ. ಅಷ್ಟರಲ್ಲಿ, ೨೦೦೩ರಲ್ಲಿ, ಬಾಸ್ಕೊ ತೀರಿಕೊಂಡಿದ್ದ.

ಯಂತ್ರಗಳಂತೂ ಮಾರುಕಟ್ಟೆ ತುಂಬಿದವು. ಜರ್ಮನಿಯಲ್ಲಿ ಏತಪಾತದ ಹಾಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುವ ಹಲಗೆ ಬಂತು. ಹಾಲೆಂಡಿನ ತರಬೇತುದಾರ ಖುಸ್ ಫಾನ್ ಡರ್ ಮೇರ್ ಇಡೀ ಹಲಗೆ ಮೇಲೆ ಕೆಳಗೆ ಅದುರುವ ಪವರ್ ಪ್ಲೇಟ್ ತಂದ. ೨೦೦೦ದ ದಶಕದಲ್ಲಿ ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳ ಜಿಮ್ಮುಗಳಿಗೂ ಇವು ನುಗ್ಗಿದವು. ಆ ಕಾಲಕ್ಕೆ ನಮ್ಮಲ್ಲಿ ಮಧ್ಯರಾತ್ರಿಯ ಟೆಲಿಶಾಪಿಂಗ್‌ನಲ್ಲಿ ಸೊಂಟಕ್ಕೆ ಕಟ್ಟುವ ನಡುಗುವ ಬೆಲ್ಟು ಮಾರುತ್ತಿದ್ದರು, ನೆನಪಿದೆಯಾ? ಅದು ಈ ವಂಶವೃಕ್ಷದ ಅಡ್ಡ ಕೊಂಬೆ.

*

ಯಾಮಾರಿಸುವ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ಬೆಲ್ಜಿಯಮ್ಮಿನ ಲ್ಯೂವೆನ್ ವಿಶ್ವವಿದ್ಯಾಲಯದಿಂದ ಬಂತು. ಡೆಲೆಕ್ಲೂಸ್ ಮತ್ತು ಸಂಗಡಿಗರು ೨೦೦೩ರಲ್ಲಿ ೬೭ ಜನ ಹೆಣ್ಣುಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಕಂಪನ, ಒಂದಕ್ಕೆ ತೂಕದ ತರಬೇತಿ, ಒಂದಕ್ಕೆ ಏನೂ ಇಲ್ಲ. ನಾಲ್ಕನೆಯದಕ್ಕೆ ಹುಸಿ ಕಂಪನ: ಅದೇ ಹಲಗೆ, ಅದೇ ಸದ್ದು, ಪಾದದಡಿ ಸಣ್ಣ ಜುಮುಜುಮು, ಆದರೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಬಸ್ಕಿಗಳು ಮಾತ್ರ ಕಂಪನದ ಗುಂಪಿನವೇ. ಹನ್ನೆರಡು ವಾರದ ಮೇಲೆ ನಿಜ ಕಂಪನದವರ ಮೊಣಕಾಲಿನ ಸ್ಥಿರ ಬಲ ೧೬.೬ ಶೇಕಡಾ ಏರಿತ್ತು, ತೂಕ ಎತ್ತಿದವರದು ೧೪.೪. ಹುಸಿ ಗುಂಪಿನಲ್ಲಿ ಏರಿಕೆ ಇಲ್ಲ. ಹಾಗಾದರೆ ಕಂಪನದಲ್ಲಿ ನಿಜಕ್ಕೂ ಏನೋ ಇದೆ!

ಸ್ವಲ್ಪ ತಾಳಿ. ಆ ಹೆಣ್ಣುಮಕ್ಕಳು ವ್ಯಾಯಾಮದ ಅಭ್ಯಾಸ ಇಲ್ಲದವರು. ಅದೇ ಡೆಲೆಕ್ಲೂಸ್ ೨೦೦೫ರಲ್ಲಿ ಪಳಗಿದ ಓಟಗಾರರ ಮಾಮೂಲಿ ತರಬೇತಿಗೆ ಐದು ವಾರ ಕಂಪನ ಸೇರಿಸಿ ನೋಡಿದಾಗ ಬಲವೂ ಏರಲಿಲ್ಲ, ಓಟದ ವೇಗವೂ ಏರಲಿಲ್ಲ. ೨೦೦೩ರಲ್ಲೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಡಿ ರೌಟರ್ ತಂಡ ಹನ್ನೊಂದು ವಾರ ಮಾಡಿದ ಪ್ರಯೋಗದಲ್ಲೂ ನೆಗೆತದ ಎತ್ತರ ಹೆಚ್ಚಲಿಲ್ಲ. ಒಣಗಿದ ನೆಲಕ್ಕೆ ಒಂದು ಕೊಡ ನೀರು ಹಾಕಿದರೂ ಹಸಿರು ಕಾಣುತ್ತದೆ, ತುಂಬಿದ ಕೆರೆಗೆ ಅದೇ ಕೊಡ ಸುರಿದರೆ ಯಾರಿಗೆ ಗೊತ್ತಾಗುತ್ತದೆ?

ಅಳತೆಯ ಇನ್ನೊಂದು ಫಜೀತಿಯೂ ಇತ್ತು. ಹಲಗೆಯ ಮೇಲೆ ಸ್ನಾಯುವಿನ ವಿದ್ಯುತ್ ಚಟುವಟಿಕೆ ವಿಪರೀತ ಏರುತ್ತದೆ ಎಂದು ಮೊದಲ ಪ್ರಬಂಧಗಳು ಹೇಳಿದ್ದವು. ೨೦೦೯ರಲ್ಲಿ ನೇಪಲ್ಸಿನ ಸಂಶೋಧಕರು ಅದರಲ್ಲಿ ಗಣನೀಯ ಭಾಗ ಸ್ನಾಯುವಿನದ್ದಲ್ಲ, ಚರ್ಮಕ್ಕೆ ಅಂಟಿಸಿದ ತಂತಿಗಳು ತಾವೇ ಅದುರಿದ್ದರಿಂದ ಬಂದದ್ದು ಎಂದು ತೋರಿಸಿದರು. ಅಳೆಯುವ ಕೋಲೇ ನಡುಗುತ್ತಿದ್ದರೆ ಅಳತೆಯ ಗತಿ ಏನು!

*

ಈಗ ಫುಟ್‌ಬಾಲಿಗೆ ಬರೋಣ. ಫುಟ್‌ಬಾಲ್ ಆಟಗಾರನಿಗೆ ಬೇಕಾದ್ದು ಪೈಲ್ವಾನನ ಕಸುವಲ್ಲ. ಹತ್ತು ಮೀಟರಿನ ಚುರುಕು ಓಟ, ತಲೆಯಿಂದ ಚೆಂಡು ಹೊಡೆಯುವ ನೆಗೆತ, ಗಕ್ಕನೆ ತಿರುಗುವ ಕಾಲು, ಇದೆಲ್ಲ ತೊಂಬತ್ತು ನಿಮಿಷ ಉಳಿಯುವ ಬಗೆ. ಕಂಪನಕ್ಕೆ ಇಲ್ಲಿ ಸಿಕ್ಕ ಜಾಗ ಆಸಕ್ತಿಕರವಾದದ್ದು: ಮಧ್ಯಂತರದ ೧೫ ನಿಮಿಷ.

೨೦೦೪ರಲ್ಲಿ ಡೆನ್ಮಾರ್ಕಿನಲ್ಲಿ ಮೋರ್, ಬಾಂಗ್ಸ್‌ಬೊ ಮುಂತಾದವರು ತೋರಿಸಿದ್ದು ಇದು: ಮಧ್ಯಂತರದಲ್ಲಿ ಸುಮ್ಮನೆ ಕೂತರೆ ತೊಡೆಯ ಸ್ನಾಯುವಿನ ಉಷ್ಣತೆ ಸುಮಾರು ಎರಡು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, ಎರಡನೇ ಅರ್ಧದ ಶುರುವಿನಲ್ಲಿ ಓಟ ನಿಧಾನವಾಗುತ್ತದೆ. ಹಗುರಾಗಿ ಮೈ ಬಿಸಿ ಮಾಡಿಕೊಂಡವರಿಗೆ ಹಾಗಾಗಲಿಲ್ಲ. ಆದರೆ ಆ ೧೫ ನಿಮಿಷದಲ್ಲಿ ಕೋಚ್ ಬೈಯಬೇಕು, ನೀರು ಕುಡಿಯಬೇಕು, ಪಟ್ಟಿ ಕಟ್ಟಿಸಿಕೊಳ್ಳಬೇಕು. ಮತ್ತೆ ಮೈದಾನಕ್ಕೆ ಹೋಗಿ ಓಡಲು ಪುರುಸೊತ್ತೆಲ್ಲಿ? ಡ್ರೆಸ್ಸಿಂಗ್ ರೂಮಿನಲ್ಲೇ ಹಲಗೆ ಹತ್ತಿ ನಿಂತರೆ ಆಗದೇ?

ಇಂಗ್ಲೆಂಡಿನ ಲಾವೆಲ್ ಮತ್ತು ಜೊತೆಗಾರರು ಇದನ್ನೇ ನೋಡಿದರು. ೨೦೧೩ರಲ್ಲಿ ಅಚ್ಚಾದ ಅವರ ಅಧ್ಯಯನದಲ್ಲಿ ಹತ್ತು ಜನ ಅರೆ ವೃತ್ತಿಪರ ಆಟಗಾರರು ಪಂದ್ಯದಂಥದೇ ತೊಂಬತ್ತು ನಿಮಿಷದ ಓಟವನ್ನು ಬೇರೆ ಬೇರೆ ದಿನ ಮಾಡಿದರು. ಒಂದು ದಿನ ಮಧ್ಯಂತರದಲ್ಲಿ ಸುಮ್ಮನೆ ಕೂತರು, ಒಂದು ದಿನ ಚುರುಕು ಹೆಜ್ಜೆಯ ವ್ಯಾಯಾಮ, ಒಂದು ದಿನ ಕಂಪನ. ಕೂತ ದಿನ ಓಟ, ನೆಗೆತ, ತೊಡೆಯ ಹಿಂಭಾಗದ ಬಲ ಎಲ್ಲ ಕುಸಿದವು. ಉಳಿದೆರಡು ದಿನ ಕುಸಿಯಲಿಲ್ಲ. ಹಲಗೆ ಗೆದ್ದಿತು ಅನ್ನೋಣವೇ? ವ್ಯಾಯಾಮವೂ ಗೆದ್ದಿತು! ಅಷ್ಟೇ ಅಲ್ಲ, ಸ್ನಾಯುವಿನ ಬಿಸಿ ಉಳಿಸುವಲ್ಲಿ ವ್ಯಾಯಾಮವೇ ಮುಂದಿತ್ತು. ಲಕ್ಷಗಟ್ಟಲೆ ರೂಪಾಯಿಯ ಹಲಗೆ ಮಾಡುವುದನ್ನು ಎರಡು ಕಾಲು ಪುಕ್ಕಟೆ ಮಾಡಿದವು.

೨೦೧೬ರ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ. ಕ್ಲೋಕ್ ಮತ್ತು ಸಂಗಡಿಗರು ೨೨ ವೃತ್ತಿಪರ, ೨೨ ಹವ್ಯಾಸಿ ಫುಟ್‌ಬಾಲ್ ಆಟಗಾರರನ್ನು ತೆಗೆದುಕೊಂಡು, ಅರ್ಧ ಜನಕ್ಕೆ ಒಂದೊಂದು ನಿಮಿಷದಂತೆ ಮೂರು ಸಲ ಸೆಕೆಂಡಿಗೆ ೪೦ ಅದುರಿನ ಕಂಪನ ಕೊಟ್ಟರು. ಲಾಭ ಕಂಡದ್ದು ವೃತ್ತಿಪರರಲ್ಲಿ, ಹವ್ಯಾಸಿಗಳಲ್ಲಲ್ಲ. ಅವರು ಅಲ್ಲಿಗೇ ನಿಲ್ಲಿಸದೆ "ಇದರಿಂದ ಉಪಯೋಗ ಆಗುತ್ತೆ ಅನ್ನಿಸುತ್ತಾ?" ಅಂತ ಆಟಗಾರರ ಅಭಿಪ್ರಾಯವನ್ನೂ ಕೇಳಿದರು. ಅಲ್ಲೂ ಎರಡು ಗುಂಪಿನ ಉತ್ತರ ಬೇರೆ ಬೇರೆ. ದೇಹ ಬೇರೆಯಾಗಿದ್ದರಿಂದ ಫಲಿತಾಂಶ ಬೇರೆಯಾಯಿತೋ, ನಂಬಿಕೆ ಬೇರೆಯಾಗಿದ್ದರಿಂದ ಆಯಿತೋ? ಗಡ್ಡ ಬಿಟ್ಟು ಪ್ಯಾರಿಸ್ಸಿನಲ್ಲಿ ಕೂತಿದ್ದ ಪ್ರಶ್ನೆ ಈಗ ಜೆರ್ಸಿ ತೊಟ್ಟು ಮೈದಾನಕ್ಕೇ ಇಳಿದಿತ್ತು.

ಎಲ್ಲ ಅಧ್ಯಯನಗಳನ್ನೂ ಒಟ್ಟು ಹಾಕಿ ತೂಗುವ ಕೆಲಸವೂ ಆಯಿತು. ಕ್ರೀಡಾಪಟುಗಳ ಮೇಲೆ ನಡೆದ ಪ್ರಯೋಗಗಳನ್ನು ಹೊರ್ತೊಬಾಜಿ ಮತ್ತು ಜೊತೆಗಾರರು ೨೦೧೫ರಲ್ಲಿ ಪರಿಶೀಲಿಸಿದರು. ಅವರ ತೀರ್ಮಾನ ಶೀರ್ಷಿಕೆಯಲ್ಲೇ ಇತ್ತು: ಪರಿಣಾಮ ಸಣ್ಣದು, ಒಂದೇ ತೆರನಾಗಿಯೂ ಇಲ್ಲ. ಅತ್ತ ಮಸಾಜ್ ಗನ್ ಕಥೆಯೂ ಹೆಚ್ಚುಕಡಿಮೆ ಹಾಗೇ. ಆಸ್ಟ್ರಿಯದ ಗ್ರಾಜ್ ನಗರದ ಕೊನ್ರಾಡ್ ತಂಡ ೨೦೨೦ರಲ್ಲಿ ಮೀನಖಂಡಕ್ಕೆ ಐದು ನಿಮಿಷ ಅದನ್ನು ಹಿಡಿದು ನೋಡಿತು. ಕಣಕಾಲು ಸುಮಾರು ಐದು ಡಿಗ್ರಿ ಹೆಚ್ಚು ಬಾಗಿತು. ಬಲ ಮಾತ್ರ ಇದ್ದಷ್ಟೇ ಇತ್ತು.

*

ಪ್ರಮಾಣದ ಮಾತು ಬಾಕಿ ಇದೆ. ಒಂದು ಸಣ್ಣ ಲೆಕ್ಕ ಮಾಡೋಣ. ಹಲಗೆ ಸೆಕೆಂಡಿಗೆ ೩೦ ಸಲ, ನಡುವಿನಿಂದ ಎರಡು ಮಿಲಿಮೀಟರ್ ಮೇಲೆ, ಎರಡು ಕೆಳಗೆ ಅದುರುತ್ತದೆ ಅನ್ನಿ. ಹೈಸ್ಕೂಲಿನ ಸರಳ ಸಂಗತ ಚಲನೆಯ ಸೂತ್ರ ಹಾಕಿದರೆ ತುದಿಯಲ್ಲಿ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ ಸುಮಾರು ೭೧ ಮೀಟರ್ ಬರುತ್ತದೆ. ಅಂದರೆ ಭೂಮಿಯ ಗುರುತ್ವದ ಏಳು ಪಟ್ಟು! ಎರಡೇ ಮಿಲಿಮೀಟರು ಅಂತ ತಾತ್ಸಾರ ಮಾಡುವಂತಿಲ್ಲ. ಹೋಲಿಕೆಗೆ, ಕ್ಲಿಂಟನ್ ರೂಬಿನ್ ೨೦೦೧ರಲ್ಲಿ ಕುರಿಗಳ ಮೂಳೆ ಗಟ್ಟಿಯಾಗುವುದನ್ನು ತೋರಿಸಿದ್ದು ಗುರುತ್ವದ ೦.೩ ಪಟ್ಟು ಕಂಪನದಲ್ಲಿ, ದಿನಕ್ಕೆ ೨೦ ನಿಮಿಷದಂತೆ ಒಂದು ವರ್ಷ. ಇದಕ್ಕೂ ಅದಕ್ಕೂ ಇಪ್ಪತ್ತು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಎರಡನ್ನೂ "ಕಂಪನ ಚಿಕಿತ್ಸೆ" ಅಂತ ಒಂದೇ ಹೆಸರಿನಿಂದ ಕರೆದರೆ, ಕುರಿಯ ಫಲಿತಾಂಶ ತೋರಿಸಿ ಆಟಗಾರನ ಹಲಗೆ ಮಾರುವುದು ಸುಲಭ.

೨೦೦೭ರಲ್ಲಿ ಅಮೆರಿಕದ ಅಬರ್‌ಕ್ರೊಂಬಿ ಮತ್ತು ಜೊತೆಗಾರರು ಇಂಥ ಹಲಗೆಗಳ ಮೇಲೆ ದಿನಕ್ಕೆ ಹತ್ತು ನಿಮಿಷ ನಿಂತರೂ ಅಂತರರಾಷ್ಟ್ರೀಯ ಮಾನದಂಡ ಸೂಚಿಸುವ ದಿನದ ಮಿತಿ ಮೀರುತ್ತದೆ ಎಂದು ಲೆಕ್ಕ ಹಾಕಿದರು. ಕಲ್ಲುಕುಟಿಗರ ಬೆರಳುಗಳಿಂದ ಕಲಿತ ಪಾಠ ಕೊನೆಗೆ ಜಿಮ್ಮಿಗೂ ಬಂತು. ಅವರ ಇನ್ನೊಂದು ಕಂಡುಕೊಳ್ಳುವಿಕೆ ಉಪಯೋಗದ್ದು: ಕಾಲು ನೆಟ್ಟಗಿದ್ದಷ್ಟೂ ಕಂಪನ ತಲೆಗೆ ಏರುತ್ತದೆ, ಮೊಣಕಾಲನ್ನು ೨೬ರಿಂದ ೩೦ ಡಿಗ್ರಿಯಷ್ಟು ಬಗ್ಗಿಸಿದರೆ ತಲೆಗೆ ತಲುಪುವುದು ಬಹಳ ಕಡಿಮೆ. ಅರ್ಧ ಬಸ್ಕಿಯ ಗುಟ್ಟು ಇದು. ಗರ್ಭಿ​ಣಿಯರು, ಹೊಸದಾಗಿ ಆಪರೇಶನ್ ಆದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಹತ್ತಲೇಬಾರದು.

ಹಾಗಂತ ಹಲಗೆಯನ್ನು ಗುಜರಿಗೆ ಹಾಕಬೇಕಿಲ್ಲ. ಮೊಣಕಾಲಿನ ಅಸ್ಥಿರಜ್ಜು (ಅದೇ, ಎಷ್ಟೋ ಫುಟ್‌ಬಾಲ್ ಆಟಗಾರರ ಬದುಕು ಕಿತ್ತುಕೊಳ್ಳುವ ಎಸಿಎಲ್) ಆಪರೇಶನ್ ಆದವರಿಗೆ ಕಂಪನದ ವ್ಯಾಯಾಮದಿಂದ ಸಮತೋಲನ ಮತ್ತು ಕೀಲಿನ ಅರಿವು ಮಾಮೂಲಿ ವ್ಯಾಯಾಮಕ್ಕಿಂತ ಚೆನ್ನಾಗಿ ಮರಳಿತು ಎಂದು ೨೦೦೮ರಲ್ಲಿ ಇರಾನಿನ ಅಧ್ಯಯನವೊಂದು ಹೇಳಿತು. ಭಾರ ಎತ್ತಲಾಗದ ವಯಸ್ಸಾದವರಿಗೆ, ಕಾಯಿಲೆಯಿಂದ ಎದ್ದವರಿಗೆ ಇದು ಆಸರೆ ಆಗಬಹುದು. ಒಣಗಿದ ನೆಲಕ್ಕೆ ಒಂದು ಕೊಡ ನೀರು ಅಂದೆನಲ್ಲ, ಅದೇ ಮಾತು.

*

ಶಾರ್ಕೊನ ಕುರ್ಚಿಯ ಪ್ರಶ್ನೆ ಏನಾಯಿತು? ಅದಕ್ಕೂ ಉತ್ತರ ಸಿಕ್ಕಿತು, ನೂರಿಪ್ಪತ್ತು ವರ್ಷ ತಡವಾಗಿ. ೨೦೧೨ರಲ್ಲಿ ಶಿಕಾಗೋದ ಕಪೂರ್, ಸ್ಟೆಬಿನ್ಸ್ ಮತ್ತು ಗೆಟ್ಸ್ ಪಾರ್ಕಿನ್ಸನ್ ಇರುವ ೨೩ ಜನರನ್ನು ಎರಡು ಗುಂಪು ಮಾಡಿ ಕುರ್ಚಿಯ ಮೇಲೆ ಕೂರಿಸಿದರು. ಒಂದು ಗುಂಪಿಗೆ ಕುರ್ಚಿ ಅದುರಿತು, ಇನ್ನೊಂದಕ್ಕೆ ಅದುರಲಿಲ್ಲ. ಎರಡೂ ಗುಂಪಿನವರು ಸುಧಾರಿಸಿದರು, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ! ಶಾರ್ಕೊ ಕಂಡದ್ದು ಸುಳ್ಳಲ್ಲ, ರೋಗಿಗಳಿಗೆ ಆರಾಮವಾಗಿದ್ದು ನಿಜ. ಕಾರಣ ಮಾತ್ರ ಕುರ್ಚಿಯ ಅದುರಲ್ಲಿ ಇರಲಿಲ್ಲ.

ಇನ್ನೊಂದು ಕಾಕತಾಳೀಯ ಹೇಳಿ ಮುಗಿಸುತ್ತೇನೆ. ಶಾರ್ಕೊ ಉಪನ್ಯಾಸ ಕೊಟ್ಟ ವರ್ಷ ೧೮೯೨. ನಾರ್ವೆಯಲ್ಲಿ ಹದಿಹರೆಯದ ಫುಟ್‌ಬಾಲ್ ಹುಡುಗಿಯರ ಮೇಲೆ ನಡೆದು ೨೦೦೮ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿದ್ದ ಆಟಗಾರ್ತಿಯರ ಸಂಖ್ಯೆಯೂ ೧೮೯೨! ಅರ್ಧದಷ್ಟು ಕ್ಲಬ್ಬುಗಳಲ್ಲಿ ಆಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಓಟ, ಬಸ್ಕಿ, ಒಂಟಿ ಕಾಲಿನ ಸಮತೋಲನ, ನೆಗೆತಗಳನ್ನು ಮಾಡಿಸಿದರು. ಈಗ "ಫಿಫಾ ೧೧+" ಅಂತ ಹೆಸರಾಗಿರುವುದು ಇದೇ. ಆ ಹುಡುಗಿಯರಿಗೆ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ಕರೆಂಟು ಬೇಡ, ಹಲಗೆ ಬೇಡ. ಒಂದು ಮೈದಾನ, ಒಂದು ಚೆಂಡು, ದಿನಾ ಬಿಡದೆ ಮಾಡಿಸುವ ಒಬ್ಬ ಕೋಚ್ ಸಾಕು.

ನಮ್ಮ ಶಾಲೆ ಕಾಲೇಜುಗಳ ಫುಟ್‌ಬಾಲ್ ತಂಡಗಳಲ್ಲಿ ಎಷ್ಟು ಕಡೆ ಆ ಇಪ್ಪತ್ತು ನಿಮಿಷ ಸಿಗುತ್ತಿದೆ? ಪಂದ್ಯದ ದಿನ ಬಸ್ಸಿಳಿದ ಹುಡುಗರು ನೇರ ಮೈದಾನಕ್ಕೆ ಓಡುವುದನ್ನು, ಮಧ್ಯಂತರದಲ್ಲಿ ಕಿತ್ತಳೆ ಹಣ್ಣು ತಿನ್ನುತ್ತ ನೆರಳಲ್ಲಿ ಕೂರುವುದನ್ನು ನೀವೂ ನೋಡಿರುತ್ತೀರಿ. ನಿಮ್ಮಲ್ಲಿ ಆಡಿದವರು, ಆಡಿಸಿದವರು ಇದ್ದರೆ ನಿಮ್ಮ ಊರಿನ ಕಥೆ ಬರೆಯಿರಿ. ಅಂತೆಕಂತೆ ಬೇಡ, ಕಂಡದ್ದನ್ನು ಬರೆದರೆ ಸಾಕು :)